ದೃಷ್ಟಿ ಪ್ರಚೋದನೆಗೆ ಮಿದುಳಿನ ಸ್ಪಂದನ: ರಕ್ತಹರಿವು ಮತ್ತು ರಸಾಯನ ಮಾಪನದ ಚರಿತ್ರೆ

ಕಣ್ಣಿಗೆ ಬೆಳಕನ್ನೋ ಆಕೃತಿಯನ್ನೋ ತೋರಿಸಿದಾಗ ಮಿದುಳಿನ ಹಿಂಭಾಗದ ದೃಷ್ಟಿವಲಯಕ್ಕೆ ರಕ್ತ ಎಷ್ಟು ಹೆಚ್ಚಾಗಿ ಹರಿಯುತ್ತದೆ, ಅಲ್ಲಿ ಗ್ಲೂಕೋಸ್, ಆಮ್ಲಜನಕ, ಲ್ಯಾಕ್ಟೇಟ್, ಗ್ಲುಟಮೇಟ್‌ಗಳ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆಯುವ ವಿಧಾನಗಳ ಚರಿತ್ರೆ ಇದು. ಈ ಕಥನವನ್ನು ಸಾಮಾನ್ಯವಾಗಿ 1990ರ ದಶಕದ ಎಂ.ಆರ್.ಐ. ಚಿತ್ರಗಳಿಂದ ಆರಂಭಿಸುವುದುಂಟು. ಹಾಗೆ ಮಾಡಿದರೆ ಎರಡು ಸಂಗತಿಗಳು ಮರೆಗೆ ಸರಿಯುತ್ತವೆ. ಒಂದು, ದ್ರವದ ಹರಿವನ್ನು ಕಾಂತೀಯ ಅನುರಣನದಿಂದ ಗುರುತಿಸುವ ಕೆಲಸ ಬೆಂಗಳೂರಿನಲ್ಲಿ 1951ರಷ್ಟು ಹಿಂದೆಯೇ ನಡೆದಿತ್ತು. ಎರಡು, ಆ ಚಿತ್ರಗಳಲ್ಲಿ ಕಾಣುವುದು ನರಕೋಶಗಳ ಕೆಲಸವಲ್ಲ, ರಕ್ತದ ಪೂರೈಕೆಗೂ ಆಮ್ಲಜನಕದ ಖರ್ಚಿಗೂ ನಡುವೆ ಬೀಳುವ ಅಂತರ. ಆದ್ದರಿಂದ ರಕ್ತಹರಿವಿನ ಮಾಪನ ರಸಾಯನದ ಮಾಪನವಿಲ್ಲದೆ ಪೂರ್ಣವಾಗದು. ಈ ಕ್ಷೇತ್ರದ ಮುಖ್ಯ ವಿವಾದಗಳೆಲ್ಲ ಸಾರುವುದು ಇದನ್ನೇ.

ಮಿದುಳಿನ ಚಯಾಪಚಯದ ಉತ್ಪನ್ನಗಳೇ ರಕ್ತನಾಳಗಳನ್ನು ಹಿಗ್ಗಿಸುತ್ತವೆ ಎಂದು ರಾಯ್ ಮತ್ತು ಶೆರಿಂಗ್ಟನ್ 1890ರಲ್ಲಿ ಸೂಚಿಸಿದರು. ದೃಷ್ಟಿಗೆ ಸಂಬಂಧಿಸಿದ ಮೊದಲ ಗಟ್ಟಿ ಸಾಕ್ಷ್ಯ ಬಂದದ್ದು 1928ರಲ್ಲಿ, ಜಾನ್ ಫುಲ್ಟನ್ ಅವರ ವರದಿಯಿಂದ. ಮಿದುಳಿನ ಹಿಂಭಾಗದಲ್ಲಿ ರಕ್ತನಾಳಗಳ ಗಂಟಿದ್ದ ನಾವಿಕನೊಬ್ಬನ ತಲೆಯ ಹಿಂಬದಿಯಲ್ಲಿ ರಕ್ತ ಮೊರೆಯುವ ಸದ್ದು ಕೇಳಿಸುತ್ತಿತ್ತು. ಆತ ಸಣ್ಣಕ್ಷರದ ಬರಹವನ್ನು ಓದತೊಡಗಿದರೆ ಸದ್ದು ಏರುತ್ತಿತ್ತು, ಕಣ್ಣಿಗೆ ವಿಶ್ರಾಂತಿ ಕೊಟ್ಟರೆ ಇಳಿಯುತ್ತಿತ್ತು. 1940ರ ದಶಕದಲ್ಲಿ ಕೆಟಿ ಮತ್ತು ಸ್ಮಿಟ್ ನೈಟ್ರಸ್ ಆಕ್ಸೈಡ್ ಬಳಸಿ ಇಡೀ ಮಿದುಳಿನ ರಕ್ತಹರಿವನ್ನು ಅಳೆದರು. ಆದರೆ ಆ ವಿಧಾನಕ್ಕೆ ಒಂದು ಭಾಗವನ್ನು ಇನ್ನೊಂದರಿಂದ ಬೇರ್ಪಡಿಸಿ ನೋಡುವ ಶಕ್ತಿ ಇರಲಿಲ್ಲ.

ಈ ನಡುವೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಕೊಳವೆಯಲ್ಲಿ ಹರಿಯುವ ದ್ರವದ ಪರಮಾಣು ಬೀಜಗಳ ಅನುರಣನವನ್ನು ಪರೀಕ್ಷಿಸಿ, ಫಲಿತಾಂಶವನ್ನು 1951ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಪ್ರಕಟಿಸಿದರು. ನಿಂತ ದ್ರವದ ಬೀಜಗಳು ರೇಡಿಯೊ ತರಂಗವನ್ನು ಮತ್ತೆ ಮತ್ತೆ ಹೀರಿ ತಣಿದುಬಿಡುವುದರಿಂದ ಸಂಕೇತ ಕುಗ್ಗುತ್ತದೆ. ದ್ರವ ಹರಿಯುತ್ತಿದ್ದರೆ ಇನ್ನೂ ತರಂಗ ಸೋಕದ ಹೊಸ ಬೀಜಗಳು ಸಂಕೇತ ಹಿಡಿಯುವ ಸುರುಳಿಯೊಳಗೆ ಬರುತ್ತಲೇ ಇರುತ್ತವೆ, ಸಂಕೇತವೂ ಬದಲಾಗುತ್ತದೆ. ಸೂರ್ಯನ್ ಅವರ ಗುರಿ ಮಿದುಳಾಗಿರಲಿಲ್ಲ, ಹಾಗಾಗಿ ಅವರನ್ನು ಈ ಚರಿತ್ರೆಗೆ ಸೇರಿಸುವುದು ಅತಿಯಾಯಿತು ಎಂದು ಆಕ್ಷೇಪಿಸಬಹುದು. ಆದರೆ 1992ರಲ್ಲಿ ಕೆನ್ನೆತ್ ಕ್ವಾಂಗ್ ಮತ್ತು ಸಂಗಡಿಗರು ಬಾಸ್ಟನ್‌ನಲ್ಲಿ ಮಿನುಗುವ ಕನ್ನಡಕ ತೊಡಿಸಿ ದೃಷ್ಟಿವಲಯದ ಚಿತ್ರ ತೆಗೆದಾಗ ಬಳಸಿದ ಎರಡು ಬಗೆಗಳಲ್ಲಿ ಒಂದು, ಹೊಸದಾಗಿ ಹರಿದುಬರುವ ರಕ್ತದ ಬೀಜಗಳು ಸಂಕೇತವನ್ನು ಬದಲಿಸುವುದನ್ನೇ ಆಧರಿಸಿತ್ತು. ತತ್ತ್ವ ಅದೇ ಆಗಿರುವಾಗ ಅದನ್ನು ಮೊದಲು ಪರೀಕ್ಷಿಸಿದವರಿಗೆ ಈ ಚರಿತ್ರೆಯಲ್ಲಿ ಸ್ಥಾನ ಸಲ್ಲಲೇಬೇಕು.

ನಿಜವಾದ ತಿರುವು ಬಂದದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, 1988ರಲ್ಲಿ. ಪೀಟರ್ ಫಾಕ್ಸ್, ಮಾರ್ಕಸ್ ರೈಕಲ್ ಮತ್ತು ಸಂಗಡಿಗರು ವಿಕಿರಣಶೀಲ ಗುರುತುವಸ್ತುವನ್ನು ಹಿಂಬಾಲಿಸುವ ಪಿ.ಇ.ಟಿ. ಯಂತ್ರದಿಂದ ಅಳೆದಾಗ, ದೃಶ್ಯ ಪ್ರಚೋದನೆಗೆ ರಕ್ತಹರಿವು ಶೇ. 50ರಷ್ಟು, ಗ್ಲೂಕೋಸ್ ಬಳಕೆ ಶೇ. 51ರಷ್ಟು ಏರಿದರೂ ಆಮ್ಲಜನಕದ ಬಳಕೆ ಏರಿದ್ದು ಶೇ. 5ರಷ್ಟು ಮಾತ್ರ. ಒಂದು ಗ್ಲೂಕೋಸ್ ಅಣು ಪೂರ್ತಿ ಉರಿಯಲು ಆರು ಆಮ್ಲಜನಕ ಅಣುಗಳು ಬೇಕು. ಹಾಗಿದ್ದ ಮೇಲೆ ಹೆಚ್ಚುವರಿ ಗ್ಲೂಕೋಸ್ ಏನಾಯಿತು ಎಂಬ ಪ್ರಶ್ನೆ ಎದ್ದಿತು. ಈ ವ್ಯತ್ಯಾಸವನ್ನು ಮಾಪನದ ದೋಷವೆಂದು ತಳ್ಳಿಹಾಕುವಂತಿರಲಿಲ್ಲ, ಮುಂದಿನ ಎಂ.ಆರ್.ಐ. ವಿಧಾನ ನಿಂತದ್ದೇ ಈ ಅಸಮತೆಯ ಮೇಲೆ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಕಾಂತಕ್ಷೇತ್ರವನ್ನು ಕದಡುತ್ತದೆ. ಆ ಹಿಮೋಗ್ಲೋಬಿನ್‌ನ ಕಾಂತೀಯ ಗುಣವನ್ನು ಪೌಲಿಂಗ್ ಮತ್ತು ಕೊರಿಯೆಲ್ 1936ರಲ್ಲೇ ತೋರಿಸಿದ್ದರು. ಅದರಿಂದ ಮಿದುಳಿನ ಚಿತ್ರ ಪಡೆಯಬಹುದೆಂದು ಸೇಜಿ ಒಗಾವಾ 1990ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟರು. ಖರ್ಚಾದಷ್ಟೇ ಆಮ್ಲಜನಕ ಪೂರೈಕೆಯಾಗಿದ್ದರೆ ಸಂಕೇತವೇ ಹುಟ್ಟುತ್ತಿರಲಿಲ್ಲ. ಖರ್ಚಿಗಿಂತ ಹೆಚ್ಚು ರಕ್ತ ಬರುವುದರಿಂದಲೇ ದೃಷ್ಟಿವಲಯ ಚಿತ್ರದಲ್ಲಿ ಹೊಳೆಯುತ್ತದೆ.

ಆಮ್ಲಜನಕವಿಲ್ಲದೆ ಒಡೆದ ಗ್ಲೂಕೋಸ್ ಲ್ಯಾಕ್ಟೇಟ್ ಆಗಬೇಕು. ಯೇಲ್ ವಿಶ್ವವಿದ್ಯಾಲಯದ ಪ್ರಿಚರ್ಡ್ ತಂಡ 1991ರಲ್ಲಿ ಪ್ರೋಟಾನ್ ರೋಹಿತದ ಮೂಲಕ, ಅಂದರೆ ಅನುರಣನ ಸಂಕೇತದಿಂದ ರಾಸಾಯನಿಕಗಳನ್ನು ಗುರುತಿಸುವ ವಿಧಾನದಿಂದ, ಲ್ಯಾಕ್ಟೇಟ್‌ನ ಏರಿಕೆಯನ್ನು ಮನುಷ್ಯರ ದೃಷ್ಟಿವಲಯದಲ್ಲಿ ಕಂಡಿತು. ಇದನ್ನು ಎಲ್ಲರೂ ಒಪ್ಪಲಿಲ್ಲ. ಗಾಟಿಂಗೆನ್‌ನ ಯೆನ್ಸ್ ಫ್ರಾಮ್ ತಂಡ 1996ರಲ್ಲಿ, ಪ್ರಚೋದನೆ ಮುಂದುವರಿದಂತೆ ಏರಿದ ಲ್ಯಾಕ್ಟೇಟ್ ಮತ್ತೆ ಇಳಿಯುತ್ತದೆ ಎಂದು ವಾದಿಸಿತು. ಮಿನೆಸೋಟಾದಲ್ಲಿ ಸಿಲ್ವಿಯಾ ಮಾಂಜಿಯಾ ಮತ್ತು ಸಂಗಡಿಗರು 2007ರಲ್ಲಿ 7 ಟೆಸ್ಲಾ ಕಾಂತಕ್ಷೇತ್ರದ ಯಂತ್ರದಿಂದ ಅಳೆದ ಮೇಲೆ ಚಿತ್ರ ಸ್ಪಷ್ಟವಾಯಿತು: ಲ್ಯಾಕ್ಟೇಟ್ ಏರುತ್ತದೆ, ಆದರೆ ಪ್ರತಿ ಗ್ರಾಂ ಅಂಗಾಂಶಕ್ಕೆ ಸುಮಾರು 0.2 ಮೈಕ್ರೋಮೋಲ್ ಮಾತ್ರ. ಗ್ಲುಟಮೇಟ್ ಸುಮಾರು ಶೇ. 3ರಷ್ಟು ಏರುತ್ತದೆ. ಅಷ್ಟರಲ್ಲಿ 1999ರಲ್ಲಿ ಹೋಗ್ ಮತ್ತು ಸಂಗಡಿಗರು ಎಂ.ಆರ್.ಐ. ಸಂಕೇತವನ್ನು ಅಳತೆಗೆ ಒಗ್ಗಿಸಿ, ಆಮ್ಲಜನಕದ ಬಳಕೆ ರಕ್ತಹರಿವಿನ ಏರಿಕೆಯ ಸುಮಾರು ಅರ್ಧದಷ್ಟು ಏರುತ್ತದೆ ಎಂದಿದ್ದರು. 1988ರ ಶೇ. 5 ಹಾಗೆಯೇ ಉಳಿಯಲಿಲ್ಲ, ಅಸಮತೆಯಂತೂ ಉಳಿಯಿತು.

ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ತಿಳಿಯಲು ರಕ್ತಹರಿವೇ ಸಾಕಲ್ಲವೇ, ರಸಾಯನದ ಗೋಜು ಏಕೆ ಎಂದು ಕೇಳಬಹುದು. ಎಲ್ಲಿ ಎಂಬ ಪ್ರಶ್ನೆಗೆ ಅದು ಸಾಕು, ಎಷ್ಟು ಎಂಬ ಪ್ರಶ್ನೆಗೆ ಸಾಲದು. ಕಾಫಿಯ ಕೆಫೀನ್ ಮಿದುಳಿನ ರಕ್ತಹರಿವನ್ನು ತಗ್ಗಿಸುತ್ತದೆ. ವಯಸ್ಸು, ಪಾರ್ಶ್ವವಾಯು ರಕ್ತನಾಳಗಳ ಹಿಗ್ಗುವ ಗುಣವನ್ನು ಬದಲಿಸುತ್ತವೆ. ಅಂಥವರಲ್ಲಿ ಸಂಕೇತ ಕುಗ್ಗಿದ ಮಾತ್ರಕ್ಕೆ ನರಕೋಶಗಳೇ ಸೋತಿವೆ ಎನ್ನಲಾಗದು. ಹೈದರಾಬಾದಿನ ಹಬ್ಸಿಗುಡದಲ್ಲಿರುವ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ, ಅಂದರೆ ಸಿ.ಸಿ.ಎಂ.ಬಿ.ಯ ಕೆಲಸ ಮುಖ್ಯವಾಗುವುದು ಇಲ್ಲೇ. ಯೇಲ್‌ನಲ್ಲಿ, ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಮತ್ತು ಗ್ಯಾಬಾ ಚಕ್ರಗಳ ವೇಗ ಅಳೆಯುವ ಸಂಶೋಧನೆಯಲ್ಲಿದ್ದ ಅನಂತ್ ಬಹಾದೂರ್ ಪಟೇಲ್ ಆ ವಿಧಾನವನ್ನು ಹೈದರಾಬಾದಿನಲ್ಲಿ ಮುಂದುವರಿಸಿದರು. ಕಾರ್ಬನ್-13 ಗುರುತಿರುವ ಗ್ಲೂಕೋಸನ್ನು ಇಲಿಗಳ ರಕ್ತಕ್ಕೆ ಹರಿಸಿ, ಚಯಾಪಚಯ ಆ ಕ್ಷಣದಲ್ಲೇ ನಿಲ್ಲುವಂತೆ ಮಿದುಳಿಗೆ ಮೈಕ್ರೋವೇವ್ ಹಾಯಿಸಲಾಗುತ್ತದೆ. ಬಳಿಕ ಆ ಗುರುತು ಗ್ಲುಟಮೇಟ್, ಗ್ಯಾಬಾ, ಗ್ಲುಟಮೀನ್‌ಗಳಲ್ಲಿ ಎಷ್ಟೆಷ್ಟು ಸೇರಿದೆ ಎಂದು ಅನುರಣನ ಯಂತ್ರದಲ್ಲಿ ಓದಲಾಗುತ್ತದೆ. ಮಿದುಳನ್ನು ತಕ್ಷಣ ಸ್ತಬ್ಧಗೊಳಿಸದಿದ್ದರೆ ಸತ್ತ ಕೆಲವೇ ಕ್ಷಣಗಳಲ್ಲಿ ಲ್ಯಾಕ್ಟೇಟ್ ಏರಿ ಲೆಕ್ಕವೇ ಕೆಡುತ್ತದೆ. ಅಲ್ಲಿ ಪರೀಕ್ಷಿಸಿದ್ದು ದೃಷ್ಟಿಯನ್ನಲ್ಲ, ಖಿನ್ನತೆ ಮತ್ತು ಆಲ್‌ಝೈಮರ್ ಮಾದರಿಗಳನ್ನು. ಆದರೆ ನರಕೋಶಗಳ ಕೆಲಸವನ್ನು ರಕ್ತದ ಮಧ್ಯಸ್ಥಿಕೆಯಿಲ್ಲದೆ ಅಳೆಯುವ ದಾರಿಗಳಲ್ಲಿ ಇದೂ ಒಂದು.

ಒಟ್ಟಿನಲ್ಲಿ, ಫುಲ್ಟನ್ ಕೇಳಿದ ಸದ್ದಿನಿಂದ 7 ಟೆಸ್ಲಾ ರೋಹಿತದವರೆಗಿನ ಚರಿತ್ರೆ ಹೇಳುವುದಿಷ್ಟು: ರಕ್ತಹರಿವು ಮಿದುಳಿನ ಕೆಲಸದ ಸೂಚನೆಯೇ ಹೊರತು ಅದರ ಅಳತೆಯಲ್ಲ. ಎಂ.ಆರ್.ಐ. ಚಿತ್ರದ ಬಣ್ಣವನ್ನು ಮಿದುಳಿನ ಶಕ್ತಿಯ ಪ್ರಮಾಣವೆಂದು ವಿವರಿಸುವ ಬರಹಗಳು ಸರಿಯಲ್ಲ. ಪ್ರಮಾಣದ ಬಗ್ಗೆ ಮಾತನಾಡುವ ಯಾವ ತೀರ್ಮಾನವೇ ಆಗಲಿ, ರಸಾಯನದ ಮಾಪನವನ್ನೂ ಜೊತೆಗಿಟ್ಟುಕೊಂಡಾಗ ಮಾತ್ರ ನಂಬಿಕೆಗೆ ಅರ್ಹ.