ಮುಚ್ಚಿದ ಲಕೋಟೆಯ ಮನೆಗಳು

ಎಡಿನ್‌ಬರೊ, ಗ್ಲಾಸ್ಗೊ ಮೊದಲಾದ ಸ್ಕಾಟ್ಲೆಂಡಿನ ನಗರಗಳಲ್ಲಿ, ಮನೆ ಮಾರುವವನು ಕನಿಷ್ಠ ಬೆಲೆಯೊಂದನ್ನು ಸಾರಿ, ಗೊತ್ತುಪಡಿಸಿದ ವೇಳೆಯೊಳಗೆ ವಕೀಲರ ಮುಖಾಂತರ ಬಂದ ಗುಪ್ತ ಬೆಲೆ-ಪ್ರಸ್ತಾವಗಳಲ್ಲಿ ತನಗೊಪ್ಪಿದುದನ್ನು ಆರಿಸಿಕೊಳ್ಳುವುದು ಬಹುಕಾಲದ ರೂಢಿಯಾಗಿದ್ದಿತು. ಇತರರು ಎಷ್ಟು ಕೂಗಿದರೆಂಬುದನ್ನರಿಯದೆ ಕೂಗುವ ಈ ವಿಚಿತ್ರ ಹರಾಜಿನಲ್ಲಿ, ಮಾಡು ಸೋರುವುದೋ, ಗೋಡೆ ತೇವ ಹಿಡಿದಿರುವುದೋ, ತೊಲೆ ಕೊಳೆತಿರುವುದೋ ಎಂಬುದನ್ನು ಕೊಳ್ಳಬಯಸುವ ಪ್ರತಿಯೊಬ್ಬನೂ ಸ್ವಂತ ಖರ್ಚಿನಲ್ಲಿ ಮುಂಚಿತವಾಗಿಯೇ ಪರೀಕ್ಷಿಸಬೇಕಾಗುತ್ತಿದ್ದುದರಿಂದ, ಒಂದೇ ಮನೆಯು ಹಲವು ಬಾರಿ ಪರೀಕ್ಷಿತವಾಗಿ, ಗೆದ್ದವನೊಬ್ಬನ ಹೊರತು ಮಿಕ್ಕವರ ಹಣವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುತ್ತಿದ್ದಿತು.

ಮಾರುವವರೇ ಸ್ವಯಂಪ್ರೇರಣೆಯಿಂದ ಪರೀಕ್ಷೆ ಮಾಡಿಸಲೆಂದು 2004ರಲ್ಲಿ ನಡೆದ ಪ್ರಯೋಗಕ್ಕೆ ಜನ ಒಲಿಯಲಿಲ್ಲ. ತನ್ನ ಮನೆಯ ಹುಳುಕನ್ನು ತಾನೇ ದುಡ್ಡು ಕೊಟ್ಟು ಬರೆಯಿಸುವ ಔದಾರ್ಯ ಯಾರಿಗಿದ್ದೀತು? ಆದುದರಿಂದ, 2006ರ ವಸತಿ ಶಾಸನದ ಬಲದಿಂದ, ಕಟ್ಟಡದ ಸ್ಥಿತಿ, ಇಂಧನವ್ಯಯ, ಮೌಲ್ಯನಿರ್ಣಯ ಮತ್ತು ಮಾರುವವನ ಉತ್ತರಗಳನ್ನೊಳಗೊಂಡ ‘ಹೋಮ್ ರಿಪೋರ್ಟ್’ 2008ರ ಡಿಸೆಂಬರ್ 1ರಿಂದ ಕಡ್ಡಾಯವಾಯಿತು. ಹೊಸದಾಗಿ ಕಟ್ಟಿದ ಮನೆಗಳಿಗೆ ವಿನಾಯಿತಿಯಿತ್ತು.

ಜಗತ್ತೇ ಆರ್ಥಿಕ ಕುಸಿತದಲ್ಲಿ ತತ್ತರಿಸುತ್ತಿದ್ದ ಮುಹೂರ್ತದಲ್ಲಿ ಜನ್ಮತಾಳಿದ ಈ ನಿಯಮದ ಗುಣದೋಷಗಳನ್ನು ಕಾಲದೋಷದಿಂದ ಬೇರ್ಪಡಿಸುವುದು ಸುಲಭವಲ್ಲ. ಆದರೂ ಮೌಲ್ಯವು ಎಲ್ಲರಿಗೂ ಗೋಚರವಾದುದರಿಂದ, ಅಲ್ಪಬೆಲೆ ಸಾರಿ ಜನರನ್ನು ಸೆಳೆಯುವ ಹಳೆಯ ಹೂಟವು ಸತ್ತ್ವಗುಂದಿತು. ಸ್ಪರ್ಧೆ ಮಾತ್ರ ಅಳಿಯಲಿಲ್ಲ. ವರದಿಯ ಮೌಲ್ಯಕ್ಕಿಂತ ಎಷ್ಟು ಹೆಚ್ಚು ಕೊಡುವಿರೆಂಬುದೇ ಹೊಸ ಪಂದ್ಯವಾಯಿತು. ಸಾಲ ಕೊಡುವವರು ಮೌಲ್ಯನಿರ್ಣಯವನ್ನೇ ಆಧಾರವಾಗಿ ಹಿಡಿಯುವುದರಿಂದ, ಮಿಗಿಲಾದ ಮೊತ್ತವನ್ನು ಕೊಳ್ಳುಗನು ರೊಕ್ಕವಾಗಿಯೇ ತೆರಬೇಕಾಯಿತು. ಕೈಗಂಟಿಲ್ಲದ ತರುಣ ದಂಪತಿಗಳು ಅಲ್ಲಿಯೇ ಸೋತರು.

ನೆರೆಯ ಇಂಗ್ಲೆಂಡಿನಲ್ಲಿ, ಕಟ್ಟಡದ ಪರೀಕ್ಷೆಯನ್ನೇ ಐಚ್ಛಿಕವಾಗಿಸಿ 2007ರಲ್ಲಿ ಇಂಥದೇ ಉದ್ದೇಶದಿಂದ ಹೊರಟ, ಮಾರುವವನೇ ಒದಗಿಸಬೇಕಾಗಿದ್ದ ಮನೆಯ ಮಾಹಿತಿಯ ಕಂತೆಯು 2010ರ ಮೇ ತಿಂಗಳಲ್ಲಿ ಅಮಾನತುಗೊಂಡಿತು.