ಸಹ್ಯಾದ್ರಿ, ಚಿತ್ರದುರ್ಗ ಮತ್ತು ಒಂದು ಪಾಸ್‌ಬುಕ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳು. 1997ರ ಆಗಸ್ಟ್ 15ಕ್ಕೆ ಮುಂಚೆ ಈ ಜಿಲ್ಲೆಯೇ ಇರಲಿಲ್ಲ. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಚನ್ನಗಿರಿಯೂ, ನ್ಯಾಮತಿಯನ್ನು ಒಳಗೊಂಡಿದ್ದ ಹೊನ್ನಾಳಿಯೂ ಶಿವಮೊಗ್ಗಕ್ಕೆ ಸೇರಿದ್ದವು. ಹೀಗಾಗಿ ಜಗಳೂರಿನ ರೈತನಿಗೆ ಚಿತ್ರದುರ್ಗ ಗ್ರಾಮೀಣ ಬ್ಯಾಂಕ್, ಉಳಿದವರಿಗೆ ಸಹ್ಯಾದ್ರಿ ಗ್ರಾಮೀಣ ಬ್ಯಾಂಕ್. ಎರಡಕ್ಕೂ ಪ್ರಾಯೋಜಕ ಕೆನರಾ ಬ್ಯಾಂಕೇ. ಸರ್ಕಾರ ಇಷ್ಟು ಚಿಕ್ಕ ಬ್ಯಾಂಕುಗಳನ್ನು ಏಕೆ ಕಟ್ಟಿತು?

1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರ ಸಾಲದಲ್ಲಿ ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡಾ 1ಕ್ಕೂ ಕಡಿಮೆ, ಸಹಕಾರ ಸಂಘಗಳದು ಸುಮಾರು 3. ಮಿಕ್ಕದ್ದರಲ್ಲಿ ಬಹುಪಾಲು ಸಾಹುಕಾರರದು. 1955ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಸ್ಥಾಪನೆಯಾಯಿತು, 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಆದರೂ ಎರಡೆಕರೆಯ ರೈತ ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ. ನರಸಿಂಹಂ ಕಾರ್ಯತಂಡದ ಸಲಹೆಯಂತೆ 1975ರ ಸೆಪ್ಟೆಂಬರ್ 26ರಂದು ಸುಗ್ರೀವಾಜ್ಞೆ ಹೊರಟಿತು. ಅಕ್ಟೋಬರ್ 2ರಂದು ದೇಶದ ಮೊದಲ ಐದು ಗ್ರಾಮೀಣ ಬ್ಯಾಂಕುಗಳು ಆರಂಭವಾದವು. ಬಂಡವಾಳದಲ್ಲಿ ಕೇಂದ್ರಕ್ಕೆ ಶೇಕಡಾ 50, ರಾಜ್ಯಕ್ಕೆ 15, ಪ್ರಾಯೋಜಕ ಬ್ಯಾಂಕಿಗೆ 35.

ಆಲೋಚನೆ ಸರಳವಾಗಿತ್ತು. ಒಂದೆರಡು ಜಿಲ್ಲೆಯ ವ್ಯಾಪ್ತಿ, ಊರಿನ ಮಾತು ಬಲ್ಲ ಸಿಬ್ಬಂದಿ, ರಾಜ್ಯ ಸರ್ಕಾರಿ ನೌಕರರಷ್ಟೇ ಸಂಬಳ, ಸಣ್ಣ ರೈತರಿಗೂ ಕೂಲಿಕಾರರಿಗೂ ಕುಶಲಕರ್ಮಿಗಳಿಗೂ ಮಾತ್ರ ಸಾಲ. ತೊಡಕು ಇದ್ದದ್ದೂ ಇಲ್ಲಿಯೇ. ಚನ್ನಗಿರಿ, ಹೊನ್ನಾಳಿಯ ಬಹಳಷ್ಟು ಗದ್ದೆ, ತೋಟಗಳಿಗೆ ಭದ್ರಾ ನಾಲೆಯ ನೀರಿದೆ. ಜಗಳೂರಿನ ಹೊಲಕ್ಕೆ ಮುಗಿಲೇ ಗತಿ. ಮುಂಗಾರು ಕೈಕೊಟ್ಟರೆ ಬಿತ್ತನೆ ಬೀಜಕ್ಕೆ ಪಡೆದ ಸಾಲ ಒಬ್ಬನದಲ್ಲ, ಊರಿಗೆ ಊರೇ ಬಾಕಿ. ವಸೂಲಿಗೆ ಬೇರೆ ಸೀಮೆಯಿಲ್ಲದ, ದೊಡ್ಡ ವ್ಯವಹಾರಕ್ಕೆ ಅವಕಾಶವಿಲ್ಲದ ಬ್ಯಾಂಕು ಇದನ್ನು ಎಷ್ಟು ಕಾಲ ತಾಳೀತು? ಇದರ ಮೇಲೆ, 1990ರ ನ್ಯಾಯಮಂಡಳಿ ತೀರ್ಪು ಸಿಬ್ಬಂದಿಗೆ ಪ್ರಾಯೋಜಕ ಬ್ಯಾಂಕಿನವರ ಸಮಾನ ವೇತನ ಕೊಡಿಸಿತು. ಒಂದೇ ಕೆಲಸಕ್ಕೆ ಕಡಿಮೆ ಸಂಬಳವೆಂಬುದು ಮೊದಲೇ ನ್ಯಾಯವಾಗಿರಲಿಲ್ಲ, ಬಿಡಿ. ಆದರೆ ಅಗ್ಗದ ಬ್ಯಾಂಕೆಂಬ ಲೆಕ್ಕ ಅಲ್ಲಿಗೆ ಮುಗಿಯಿತು.

ಅನಂತರ ಬಂದದ್ದು ವಿಲೀನಗಳ ಕಾಲ. 2005ರಲ್ಲಿ ಸಹ್ಯಾದ್ರಿ, ಚಿತ್ರದುರ್ಗ, ತುಂಗಭದ್ರಾ, ಕೋಲಾರ ಬ್ಯಾಂಕುಗಳು ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಕೃಷ್ಣಾ, 2019ರಲ್ಲಿ ಕಾವೇರಿ ಸೇರಿದವು. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ರಾಜ್ಯಕ್ಕೆಲ್ಲ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಉಳಿಯಿತು. ಕೇಂದ್ರ ಕಚೇರಿ ಬಳ್ಳಾರಿ. ಜಗಳೂರಿನ ಬರದ ಹೊರೆಯನ್ನು ಈಗ ಕರಾವಳಿಯ ಠೇವಣಿಯೂ ಹಂಚಿಕೊಳ್ಳಬಲ್ಲದು. ಸಹ್ಯಾದ್ರಿಯ ಹೆಸರನ್ನು ನೋಡಬೇಕೆಂದರೆ ಚನ್ನಗಿರಿ ಕಡೆಯ ಅಜ್ಜಂದಿರ ಟ್ರಂಕಿನಲ್ಲಿ ಹಳೆಯ ಪಾಸ್‌ಬುಕ್ ಹುಡುಕಬೇಕು.