ನೆಲನೆಲ್ಲಿ: ಕಾಮಾಲೆ ಮದ್ದಿನ ಬಗ್ಗೆ ವಿಜ್ಞಾನ ಹೇಳುವುದೇನು?

ಮಳೆಗಾಲದಲ್ಲಿ ಹಿತ್ತಲು, ಹೊಲದ ಬದುಗಳಲ್ಲಿ ತಾನಾಗಿಯೇ ಹುಟ್ಟುವ ಪುಟ್ಟ ಗಿಡ ನೆಲನೆಲ್ಲಿ. ಕಿರುನೆಲ್ಲಿ ಎಂಬ ಹೆಸರೂ ಇದಕ್ಕಿದೆ. ಮಲಯಾಳದಲ್ಲಿ ಕೀಳಾರ್‌ನೆಲ್ಲಿ, ತಮಿಳಿನಲ್ಲಿ ಕೀಳಾನೆಲ್ಲಿ, ತೆಲುಗಿನಲ್ಲಿ ನೇಲ ಉಸಿರಿ, ಮರಾಠಿಯಲ್ಲಿ ಭುಯಿ ಆವಳಾ. ಹೆಸರು ಬೇರೆಯಾದರೂ ಎಲ್ಲ ಕಡೆಯೂ ಇದು ಅರಿಶಿನ ಕಾಮಾಲೆಯ ಮದ್ದು. ಚೀನಾದಲ್ಲೂ ಇದೇ ಕುಲದ ಇನ್ನೊಂದು ಗಿಡವನ್ನು ಪಿತ್ತಜನಕಾಂಗದ, ಅಂದರೆ ಲಿವರ್‌ನ ಕಾಯಿಲೆಗೆ ಬಳಸುತ್ತಾರೆ. ಅಲ್ಲಿನ ಹೆಸರಿಗೆ 'ಎಲೆಯಡಿಯ ಮುತ್ತು' ಎಂದರ್ಥ.

ಭರವಸೆ ಮೂಡಿಸಿದ ಪ್ರಯೋಗ

ಹೆಪಟೈಟಿಸ್ ಬಿ ವೈರಸ್ ಪತ್ತೆಗಾಗಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರ ತಂಡ ಈ ಗಿಡದ ಬಗ್ಗೆ ಆಸಕ್ತಿ ವಹಿಸಿತು. ಗಿಡದ ಸಾರ ವೈರಸ್ಸಿನ ಬೆಳವಣಿಗೆಗೆ ಬೇಕಾದ ಕಿಣ್ವವನ್ನು ತಡೆಯುತ್ತದೆ ಎಂದು 1987ರಲ್ಲಿ ವರದಿಯಾಯಿತು. 1988ರಲ್ಲಿ ಮದ್ರಾಸಿನ ಅಧ್ಯಯನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 30 ದಿನ ಮದ್ದು ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿಮದ್ದು ಪಡೆದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಆದರೆ 1990ರಲ್ಲಿ ಥಾಯ್ಲೆಂಡಿನಲ್ಲಿ ನಡೆದ ಪ್ರಯೋಗದಲ್ಲಿ ಈ ಫಲ ಸಿಗಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ 2011ರ ಕಾಕ್ರೇನ್ ವಿಮರ್ಶೆಯೂ ನಂಬಲರ್ಹ ಪುರಾವೆ ಇಲ್ಲ ಎಂದಿತು.

ಮದ್ದಿನಿಂದ ವಾಸಿಯಾಗುವುದು ಹೇಗೆ?

ಕಾಮಾಲೆ ಒಂದೇ ರೋಗವಲ್ಲ, ಹಲವು ರೋಗಗಳ ಲಕ್ಷಣ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ಆಗ ಕುಡಿದ ಮದ್ದಿಗೇ ಹೆಸರು ಬರುತ್ತದೆ.

ಬಿ ವೈರಸ್ ಹಾಗಲ್ಲ. ಕಣ್ಣಿನ ಹಳದಿ ಹೋದರೂ ಅದು ಕೆಲವರ ದೇಹದಲ್ಲಿ ವರ್ಷಗಟ್ಟಲೆ ಉಳಿದು ಸಿರೋಸಿಸ್ ಅಥವಾ ಲಿವರ್ ಕ್ಯಾನ್ಸರಿಗೆ ದಾರಿಯಾಗುತ್ತದೆ. ಚೀನಾದ ಶಿಸಾಂಡ್ರಾ ಹಣ್ಣಿನ ಅಂಶದ ಜಾಡು ಹಿಡಿದು ತಯಾರಿಸಿದ ಬೈಫೆಂಡೇಟ್ ಮಾತ್ರೆಯೂ ಇದೇ ಪಾಠ ಹೇಳುತ್ತದೆ. ಅದು ರಕ್ತಪರೀಕ್ಷೆಯ ಎಎಲ್‌ಟಿ ಅಂಕಿಯನ್ನು ಇಳಿಸುತ್ತದೆ, ವೈರಸ್ಸನ್ನು ಹೊರಹಾಕುವುದಿಲ್ಲ. ಅಂಕಿ ಇಳಿದ ಮಾತ್ರಕ್ಕೆ ರೋಗ ಹೋಯಿತು ಎನ್ನುವಂತಿಲ್ಲ.

ಗಮನಿಸಬೇಕಾದದ್ದು

* ಕಾಮಾಲೆ ಕಂಡರೆ ಯಾವ ವೈರಸ್ ಎಂದು ತಿಳಿಯಲು ರಕ್ತಪರೀಕ್ಷೆ ಅಗತ್ಯ. ಬಿ ಪತ್ತೆಗೆ ಎಚ್‌ಬಿಎಸ್‌ಎಜಿ ಪರೀಕ್ಷೆ ಇದೆ.
* ಟೆನೊಫೊವಿರ್, ಎಂಟೆಕಾವಿರ್ ಮಾತ್ರೆಗಳು ಬಿ ವೈರಸ್ಸನ್ನು ಹತೋಟಿಯಲ್ಲಿಡುತ್ತವೆ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಹೆಪಟೈಟಿಸ್ ಸಿ ಈಗ ಹೆಚ್ಚಿನವರಲ್ಲಿ ಮಾತ್ರೆಯಿಂದಲೇ ಪೂರ್ತಿ ಗುಣವಾಗುತ್ತದೆ.
* 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಉಚಿತ.
* ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು.
* ಗರ್ಭಿಣಿಗೆ ಕಾಮಾಲೆ ಬಂದರೆ, ಅಥವಾ ರೋಗಿಗೆ ಮಂಪರು, ತಡವರಿಸುವ ಮಾತು, ರಕ್ತವಾಂತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ನೆಲನೆಲ್ಲಿ ಕುಡಿಯುತ್ತಿರುವವರು ಅದನ್ನು ವೈದ್ಯರಿಂದ ಮುಚ್ಚಿಡಬಾರದು. ಮದ್ದು ಮನೆಯದಾದರೂ ಪರೀಕ್ಷೆ ತಪ್ಪಿಸುವಂತಿಲ್ಲ.